ಹಕ್ಕಿ ಫೋಟೋ ಹಂಚ್ಕೊಳ್ಳೋದು ಹೇಗೆ, ಬೇರೆಯವರದ್ದನ್ನ ನೋಡೋದು ಹೇಗೆ

ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಕೆರೆ ಏರಿ ಮೇಲೆ ಟ್ರೈಪಾಡ್ ಹಿಡ್ಕೊಂಡು ನಿಂತಿರ್ತೀವಿ, ಮಧ್ಯಾಹ್ನ ಊಟಕ್ಕೆ ಕೂರೋದ್ರೊಳಗೆ ವಾಟ್ಸಾಪ್ ಗ್ರೂಪಲ್ಲಿ ನಲವತ್ತು ಫೋಟೋ ಬಿದ್ದಿರುತ್ತೆ. ಅದ್ರಲ್ಲಿ ಮೂವತ್ತರಲ್ಲಿ ಅದೇ ಮಿಂಚುಳ್ಳಿ, ಅದೇ ಕೊಂಬೆ, ಕತ್ತು ಒಂದ್ರಲ್ಲಿ ಈ ಕಡೆ ಇನ್ನೊಂದ್ರಲ್ಲಿ ಆ ಕಡೆ ಅಷ್ಟೇ. ಕೆಳಗೆ ಹದಿನೆಂಟು ಜನ "ಸೂಪರ್ ಸರ್", "ನೈಸ್ ಕ್ಯಾಪ್ಚರ್", ಎರಡು ಕೈಮುಗಿಯೋ ಇಮೋಜಿ. ನಾನೂ ಹಂಗೇ ಹಾಕಿದೀನಿ, ನಾನೂ ಸೂಪರ್ ಸರ್ ಅಂದಿದೀನಿ, ಅದಕ್ಕೇ ಇದನ್ನ ಬರೀತಿರೋದು. ಯಾವ ಲೆನ್ಸ್ ತಗೋಬೇಕು, ಯಾವ ಸೆಟ್ಟಿಂಗ್ ಇಡ್ಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದಾರೆ. ನಾನು ಹೇಳೋಕೆ ಹೊರಟಿರೋದು ಫೋಟೋ ತೆಗೆದ್ಮೇಲೆ ಏನು ಮಾಡ್ಬೇಕು ಅನ್ನೋದನ್ನ.

ಮೊದಲ ಕೆಲಸ: ಒಂದು ರಾತ್ರಿ ಬಿಡಿ

ಈಗಿನ ಕ್ಯಾಮೆರಾಗಳು ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಹೊಡೀತವೆ, ಒಂದು ಬೆಳಗ್ಗೆಗೆ ಎಂಟ್ನೂರು ಫೋಟೋ ಆಗೋದು ದೊಡ್ಡ ಮಾತೇ ಅಲ್ಲ. ಅವತ್ತೇ ಕೂತು ಆರಿಸೋಕೆ ಹೋದ್ರೆ ಎಲ್ಲವೂ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಕಾದಿದ್ದು, ಚಳೀಲಿ ನಡುಗಿದ್ದು, ಕೊನೆಗೂ ಹಕ್ಕಿ ಬಂದಾಗ ಎದೆ ಡವಡವ ಅಂದಿದ್ದು ಎಲ್ಲ ಆ ಫೋಟೋ ಜೊತೆಗೇ ಅಂಟ್ಕೊಂಡಿರುತ್ತೆ. ನೋಡೋರಿಗೆ ಅದ್ಯಾವುದೂ ಗೊತ್ತಿರಲ್ಲ. ಮರುದಿನ ನೋಡಿ. ಮೊದಲು ಕಣ್ಣು ನೋಡಿ, ಕಣ್ಣು ಶಾರ್ಪ್ ಇಲ್ಲಾಂದ್ರೆ ಪುಕ್ಕ ಎಷ್ಟೇ ಚೆನ್ನಾಗಿ ಬಂದಿದ್ರೂ ಪಕ್ಕಕ್ಕಿಡಿ. ಕಣ್ಣಲ್ಲಿ ಬೆಳಕಿನ ಒಂದು ಚುಕ್ಕಿ ಇದ್ರೆ ಹಕ್ಕಿಗೆ ಜೀವ ಇರುತ್ತೆ, ಇಲ್ಲಾಂದ್ರೆ ಮ್ಯೂಸಿಯಂ ಬೊಂಬೆ ಥರ ಕಾಣುತ್ತೆ. ಆಮೇಲೆ ತಲೆ ನಮ್ಮ ಕಡೆ ಸ್ವಲ್ಪನಾದ್ರೂ ತಿರುಗಿದೆಯಾ, ರೆಕ್ಕೆ ತುದಿ ಬಾಲ ಎಲ್ಲ ಫ್ರೇಮ್ ಒಳಗಿದೆಯಾ ನೋಡಿ, ಕೊನೇಲಿ ಹಿಂದ್ಗಡೆ ಏನಿದೆ ಅಂತ ನೋಡಿ. ಹಕ್ಕಿ ತಲೆಯಿಂದ ಕರೆಂಟ್ ಕಂಬ ಹೊರಟಿರೋ ಫೋಟೋ ನನ್ ಹತ್ರನೇ ಒಂದು ನೂರಿರಬಹುದು.

ಇಷ್ಟಾದ್ಮೇಲೆ ಒಂದು ಹಕ್ಕಿಗೆ ಒಂದೇ ಫೋಟೋ ಇಟ್ಕೊಳ್ಳಿ. ಏನಾದ್ರೂ ನಡೀತಿದ್ರೆ ಮಾತ್ರ ಬೇರೆ. ಮಿಂಚುಳ್ಳಿ ಮೀನು ಹಿಡ್ಕೊಂಡು ಬಂತು, ಕೊಂಬೆಗೆ ಎರಡು ಸಲ ಚಚ್ಚಿತು, ತಲೆ ಮುಂದೆ ಬರೋ ಹಂಗೆ ತಿರುಗಿಸ್ಕೊಂಡು ನುಂಗಿತು, ಇದಕ್ಕೆ ನಾಲ್ಕು ಫೋಟೋ ಬೇಕು, ಹಾಕಿ. ಸುಮ್ನೆ ಕೂತಿದ್ದಕ್ಕೆ ನಾಲ್ಕು ಬೇಡ.

ಇನ್ನೊಂದು ಮಾತು, ಮಸುಕು ಫೋಟೋನೆಲ್ಲ ಡಿಲೀಟ್ ಮಾಡ್ಬೇಡಿ. ಹಕ್ಕಿ ಇತ್ತು ಅನ್ನೋಕೆ ಸಾಕ್ಷಿಯಾಗೋ ಫೋಟೋ ಬೇರೆ, ಗೋಡೆಗೆ ಹಾಕೋ ಫೋಟೋ ಬೇರೆ. ನಿಮ್ಮೂರ ಕೆರೇಲಿ ಯಾವತ್ತೂ ಕಾಣದೇ ಇರೋ ಬಾತು ಬಂದಿದ್ರೆ, ಚುಕ್ಕಿ ಗಾತ್ರದಲ್ಲಿ ಬಿದ್ದಿದ್ರೂ ಆ ಫೋಟೋಗೆ ಬೆಲೆ ಇದೆ. ಅದು ಹೋಗೋ ಜಾಗ ಬೇರೆ ಅಷ್ಟೇ, ಅದನ್ನ ಮುಂದೆ ಹೇಳ್ತೀನಿ.

ಎರಡನೇದು: ಹೆಸರು ಪತ್ತೆ ಮಾಡಿ

"ಅನ್ಯೂಶುವಲ್ ಬರ್ಡ್" ಅಂತ ಬರ್ದು ಹಾಕೋದು ಸೋಮಾರಿತನ. ಅಮೆರಿಕದ ಹಕ್ಕಿ ಅಧ್ಯಯನ ಸಂಸ್ಥೆ ಕಾರ್ನೆಲ್ ಲ್ಯಾಬ್‌ನವರ ಮರ್ಲಿನ್ ಆ್ಯಪ್ ಫ್ರೀ ಇದೆ, ಫೋಟೋ ಕೊಟ್ಟು ಜಾಗ ಮತ್ತೆ ದಿನಾಂಕ ಹೇಳಿದ್ರೆ ನಮ್ಮ ಕಡೆ ಆ ತಿಂಗಳಲ್ಲಿ ಇರೋ ಹಕ್ಕಿಗಳಲ್ಲೇ ಹುಡುಕಿ ಕೊಡುತ್ತೆ. ಆದ್ರೆ ಅದು ಹೇಳಿದ್ದನ್ನ ಹಾಗೇ ನಂಬ್ಬೇಡಿ. ಹೆಣ್ಣು ಸೂರಕ್ಕಿಗಳನ್ನೇ ತಗೊಳ್ಳಿ, ಪರ್ಪಲ್ ಸನ್‌ಬರ್ಡ್, ಪರ್ಪಲ್ ರಂಪ್ಡ್ ಸನ್‌ಬರ್ಡ್ ಎರಡರಲ್ಲೂ ಹೆಣ್ಣು ಕಂದು ಹಳದಿನೇ, ಗಂಟಲು ಬೆಳ್ಳಗಿದ್ದು ಎದೆ ಹಳದಿ ಇದ್ರೆ ಎರಡನೇದು, ಗಂಟಲಿಂದಲೇ ಹಳದಿ ಶುರುವಾದ್ರೆ ಮೊದಲ್ನೇದು. ಇಷ್ಟು ಗೊತ್ತಾಗ್ಬೇಕಾದ್ರೆ ಫೋಟೋನ ಎರಡು ನಿಮಿಷ ನೋಡ್ಬೇಕಾಗುತ್ತೆ, ಆ ಎರಡು ನಿಮಿಷದಲ್ಲೇ ನಮ್ಮ ಫೋಟೋ ನಮಗೇ ಮೊದಲ ಸಲ ಸರಿಯಾಗಿ ಕಾಣೋದು. ಏನು ಮಾಡಿದ್ರೂ ಗೊತ್ತಾಗ್ಲಿಲ್ಲಾಂದ್ರೆ "ಇದು ಯಾವುದು ಅಂತ ತಿಳೀತಿಲ್ಲ, ಉಲಿಯಕ್ಕಿ (ವಾರ್ಬ್ಲರ್) ಜಾತಿ ಇರಬಹುದಾ" ಅಂತ ಕೇಳಿ, ನಾಚಿಕೆ ಏನಿಲ್ಲ, ಉಲಿಯಕ್ಕಿಗಳ ಮುಂದೆ ಎಂಥೆಂಥೋರು ತಲೆ ಕೆರ್ಕೊಂಡಿದಾರೆ.

ಕನ್ನಡದ ಹೆಸರನ್ನೂ ಬರೀರಿ ಪ್ಲೀಸ್. ಪೆಲಿಕನ್ ಅನ್ನೋ ಕಡೆ ಹೆಜ್ಜಾರ್ಲೆ, ಹೂಪೋ ಅನ್ನೋ ಕಡೆ ಚಂದ್ರಮುಕುಟ, ಬಾರ್ಬೆಟ್ ಅನ್ನೋ ಕಡೆ ಕುಟ್ರ. ವ್ಯಾಗ್‌ಟೇಲ್‌ಗೆ ಕುಂಡೆಕುಸ್ಕ ಅಂತ ಹೆಸರಿದೆ, ಬಾಲ ಕುಣಿಸೋದನ್ನ ಒಂದು ಸಲ ನೋಡಿದೋರು ಈ ಹೆಸರನ್ನ ಜನ್ಮದಲ್ಲಿ ಮರೆಯಲ್ಲ. ನಿಮ್ಮೂರಲ್ಲಿ ಬೇರೆ ಹೆಸರಿದ್ರೆ ಅದನ್ನೇ ಬರೀರಿ, ಕೆಳಗೆ ಇನ್ಯಾರೋ ತಮ್ಮೂರ ಹೆಸರು ಹೇಳ್ತಾರೆ.

ಮೂರನೇದು: ಎಡಿಟ್ ಎಲ್ಲಿಗೆ ನಿಲ್ಲಿಸ್ಬೇಕು

ಕ್ರಾಪ್, ಬೆಳಕು ಹೆಚ್ಚು ಕಮ್ಮಿ, ನಾಯ್ಸ್ ತೆಗೆಯೋದು, ಇಷ್ಟಕ್ಕೆ ಯಾರೂ ಏನೂ ಅನ್ನಲ್ಲ. ಫ್ರೇಮಲ್ಲಿ ಇಲ್ಲದ್ದನ್ನ ತಂದಿಡೋದು, ಇರೋದನ್ನ ಅಳಿಸೋದು ಬೇರೆ. ಫಿಯಾಪ್ (ಫೋಟೋಗ್ರಫಿಯ ಅಂತಾರಾಷ್ಟ್ರೀಯ ಒಕ್ಕೂಟ) ಮಾನ್ಯತೆ ಇರೋ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಅಡ್ಡ ಬಂದ ಒಂದು ಕಡ್ಡಿಯನ್ನ ಕ್ಲೋನ್ ಮಾಡಿ ತೆಗೆದ್ರೂ ಫೋಟೋ ಹೊರಗೆ. ಸುಮ್ನೆ ಸ್ನೇಹಿತರ ಜೊತೆ ಹಂಚ್ಕೊಳ್ಳುವಾಗ ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ತೆಗೆದಿದ್ರೆ "ಎಡಗಡೆ ಒಂದು ಕಡ್ಡಿ ತೆಗ್ದಿದೀನಿ" ಅಂತ ಬರೀರಿ ಮುಗೀತು. ಬಣ್ಣದ ಸ್ಲೈಡರ್ ಮಾತ್ರ ನಮ್ಮೆಲ್ಲರ ಚಟ. ನೀಲಕಂಠ ಅಂದ್ರೆ ಮೊದಲೇ ನಮ್ಮ ರಾಜ್ಯದ ಹಕ್ಕಿ, ಅದರ ರೆಕ್ಕೆಗೆ ದೇವರು ಕೊಟ್ಟಿರೋ ನೀಲಿ ಸಾಲ್ದು ಅಂತ ನಾವು ಇನ್ನೂ ಮೂವತ್ತು ಪಾಯಿಂಟ್ ಸೇರಿಸ್ತೀವಿ, ಕೊನೆಗೆ ಅದು ಹೊಸದಾಗಿ ಪೇಂಟ್ ಹೊಡೆದ ಗೇಟ್ ಥರ ಆಗುತ್ತೆ.

ಮೃಗಾಲಯದಲ್ಲಿ ತೆಗೆದಿದ್ರೆ ಮೃಗಾಲಯದಲ್ಲಿ ಅಂತಲೇ ಬರೀರಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಲಿ 2009ರಲ್ಲಿ ಗೇಟ್ ಹಾರೋ ತೋಳದ ಫೋಟೋಗೆ ಮೊದಲ ಬಹುಮಾನ ಬಂತು, ಆ ತೋಳ ಕಾಡಿನದ್ದಲ್ಲ, ಪಳಗಿಸಿದ್ದು ಇರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿ 2010ರ ಜನವರಿಲಿ ಬಹುಮಾನ ವಾಪಸ್ ತಗೊಂಡ್ರು. ತೆಗೆದೋರು ಹಂಗಲ್ಲ ಅಂತಲೇ ಹೇಳಿದ್ರು. ಫೋಟೋ ಚೆನ್ನಾಗಿದೆ ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ತಕರಾರು ಇದ್ದಿದ್ದು ಅದು ಯಾವ ತೋಳ ಅನ್ನೋದ್ರಲ್ಲಿ.

ನಾಲ್ಕನೇದು: ಜಾಗ ಹೇಳೋಕೆ ಮುಂಚೆ ಯೋಚ್ನೆ ಮಾಡಿ

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇಲ್ಲೇ ನಾನು ಎಡವಿದ್ದು. ಕೆಲವು ವರ್ಷದ ಹಿಂದೆ ತುಮಕೂರು ಕಡೆ ಒಂದು ಬಿಟ್ಟುಹೋದ ಕಲ್ಲು ಕ್ವಾರಿಲಿ ಕೊಂಬಿನ ಗೂಬೆ ಗೂಡು ಮಾಡಿತ್ತು. ಗೂಡು ಅಂದ್ರೆ ಏನಿಲ್ಲ, ಬಂಡೆ ಅಂಚಲ್ಲಿ ಬರೀ ನೆಲ, ಅದ್ರ ಮೇಲೆ ಎರಡು ಮರಿ, ಹತ್ತಿ ಉಂಡೆ ಥರ. ತೋರಿಸಿದ್ದು ಅಲ್ಲಿ ಕುರಿ ಮೇಯಿಸೋ ಒಬ್ಬ ತಾತ. ದೂರದಿಂದ ಮುಳ್ಳಿನ ಪೊದೆ ಹಿಂದೆ ಕೂತು ತೆಗೆದೆ, ಅಲ್ಲೀವರೆಗೂ ಸರಿ. ಸಂಜೆ ಮನೆಗೆ ಬಂದು ಖುಷೀಲಿ ಗ್ರೂಪಿಗೆ ಹಾಕಿದೆ, ಯಾರೋ "ಲೊಕೇಶನ್ ಪ್ಲೀಸ್" ಅಂದ್ರು, ಗೊತ್ತಿರೋರೇ ತಾನೆ ಅಂತ ಪಿನ್ ಕಳಿಸ್ಬಿಟ್ಟೆ. ಆ ಪಿನ್ ಎಷ್ಟು ಗ್ರೂಪ್ ತಿರುಗಿತೋ ಗೊತ್ತಿಲ್ಲ, ಮುಂದಿನ ಭಾನುವಾರ ಹೋದ್ರೆ ಕ್ವಾರಿ ಬಾಯಲ್ಲಿ ಒಂಬತ್ತು ಕಾರು. ಒಬ್ಬರು ಮರಿ ಕಾಣ್ಲಿ ಅಂತ ಅಡ್ಡ ಇದ್ದ ಗಿಡದ ಕೊಂಬೆ ಮುರಿದಿದ್ರು, ಅದೊಂದೇ ಗಿಡ ಆ ಮರಿಗಳಿಗೆ ಮಧ್ಯಾಹ್ನದ ನೆರಳು. ತಾಯಿ ಗೂಬೆ ಎದುರಿನ ಬಂಡೆ ಮೇಲೆ ಕೂತಿತ್ತು, ಕಾಗೆಗಳು ಅದನ್ನ ಕುಕ್ಕೋಕೆ ಬರ್ತಿದ್ವು, ಗೂಡಿನ ಕಡೆ ಬರ್ಲೇ ಇಲ್ಲ. ಇನ್ನೊಂದು ವಾರಕ್ಕೆ ಅಲ್ಲಿ ಮರಿನೂ ಇರಲಿಲ್ಲ, ದೊಡ್ಡದೂ ಇರಲಿಲ್ಲ. ಏನಾಯ್ತು ಅಂತ ಗೊತ್ತಿಲ್ಲ. ಪಿನ್ ಕಳಿಸಿದ್ದು ನಾನು, ಅದು ಗೊತ್ತು.

ಅದಕ್ಕೇ ಗೂಡಿನ ಫೋಟೋನ ಈಗ ನಾನು ಹಾಕೋದೇ ಇಲ್ಲ, ಹಾಕಿದ್ರೂ ಮರಿ ಹಾರಿ ಎರಡು ತಿಂಗಳಾದ್ಮೇಲೆ. ಗೂಬೆ ಎಲ್ಲಿ ಅಂತ ಯಾವತ್ತೂ ಹೇಳಲ್ಲ, ದೀಪಾವಳಿ ಹತ್ರ ಬಂದ್ರೆ ಮಾಟ ಮಂತ್ರದ ಹುಚ್ಚಿಗೆ ಗೂಬೆ ಹಿಡಿಯೋರು ಇದಾರೆ, ಅವರಿಗೂ ಫೋನ್ ಇದೆ. ಟಿಟ್ಟಿಭ, ಕಳ್ಳಿಪೀರ ಇವೂ ಹಂಗೇ. ಟಿಟ್ಟಿಭ ಬಯಲಲ್ಲೇ ಕಲ್ಲಿನ ಮಧ್ಯೆ ಮೊಟ್ಟೆ ಇಡುತ್ತೆ, ಕಳ್ಳಿಪೀರ ಮಣ್ಣಿನ ದಿಬ್ಬದಲ್ಲಿ ಬಿಲ ತೋಡುತ್ತೆ, ಹತ್ತು ಜನ ಓಡಾಡಿದ್ರೆ ಕಾಲಡಿ ಹೋಗುತ್ತೆ. ಗೂಡು ಮೊಟ್ಟೆಗೆ ತೊಂದ್ರೆ ಕೊಡೋದನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅನ್ನೋದ್ರೊಳಗೇ ಸೇರಿಸಿದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ.

ಹಂಗಂತ ಎಲ್ಲಾನೂ ಗುಟ್ಟು ಮಾಡ್ಬೇಕಿಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಬಣ್ಣದ ಕೊಕ್ಕರೆ ಇದೆ ಅಂತ ಹೇಳಿದ್ರೆ ಯಾರಿಗೂ ನಷ್ಟ ಇಲ್ಲ, ದೋಣಿ ಎಷ್ಟು ದೂರದಲ್ಲಿ ಹೋಗ್ಬೇಕು ಅಂತ ನೋಡ್ಕೊಳ್ಳೋಕೆ ಜನ ಇದಾರೆ. ಕೊಕ್ಕರೆ ಬೆಳ್ಳೂರಲ್ಲಂತೂ ಮನೆ ಹಿತ್ತಲಿನ ಮರದಲ್ಲೇ ಹೆಜ್ಜಾರ್ಲೆ ಗೂಡು, ಊರೋರೇ ಕಾಯ್ತಾರೆ. ಮಾಗಡಿ ಕೆರೆ ಅಂತ ಗದಗ ಜಿಲ್ಲೆ ಶಿರಹಟ್ಟಿ ಕಡೆ ಇದೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ, 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಕೆರೆ, ಜೌಗು ಜಾಗಗಳ ಪಟ್ಟಿ) ಸೇರಿತು, ಹೋಗಿ ನೋಡಿ ಅಂತ ನಾನೇ ಹೇಳ್ತೀನಿ. ಕಾವಲು ಇರೋ ಜಾಗದ ಹೆಸರು ಹೇಳಿ, ಕಾವಲು ಇಲ್ಲದ ಕಡೆ ತಾಲೂಕಿಗೇ ನಿಲ್ಲಿಸಿ. ಸಫಾರಿಲಿ ಹುಲಿ ಕಂಡ್ರೂ "ಈಗ್ಲೇ, ಇಂಥ ಕೆರೆ ಹತ್ರ" ಅಂತ ಜೀಪಲ್ಲೇ ಕೂತು ಹಾಕ್ಬೇಡಿ, ಮನೆಗೆ ಬಂದು ಹಾಕಿ.

ಫೋಟೋ ಕೂಡ ಬಾಯಿ ಬಿಡುತ್ತೆ. ಮೊಬೈಲಲ್ಲಿ ಲೊಕೇಶನ್ ಆನ್ ಇದ್ರೆ ಫೈಲ್ ಒಳಗಿನ ಎಕ್ಸಿಫ್ ಮಾಹಿತಿಲಿ ಅಕ್ಷಾಂಶ ರೇಖಾಂಶ ಕೂತಿರುತ್ತೆ, ಜಿಪಿಎಸ್ ಇರೋ ಕ್ಯಾಮೆರಾದಲ್ಲೂ ಅಷ್ಟೇ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದ್ರೆ ಅದು ಹೋಗಿರುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಹಾಗೇ ಹೋಗುತ್ತೆ. ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ತೆಗಿ ಅನ್ನೋ ಆಪ್ಷನ್ ಇರುತ್ತೆ, ಅದಕ್ಕೆ ಟಿಕ್ ಹಾಕಿ ಬಿಡಿ, ಪ್ರತಿ ಸಲ ನೆನಪಿಟ್ಕೊಳ್ಳೋ ತಾಪತ್ರಯ ಇರಲ್ಲ.

ಐದನೇದು: ಫೈಲ್ ಗಾತ್ರ

ಸಣ್ಣ ವಿಷಯ, ಬೇಗ ಮುಗಿಸ್ತೀನಿ. ವಾಟ್ಸಾಪ್ ಫೋಟೋನ ಹಿಂಡಿ ಹಾಕುತ್ತೆ, ಪುಕ್ಕದ ಗೆರೆ ಎಲ್ಲ ಗಂಜಿ ಆಗುತ್ತೆ. ಎಚ್‌ಡಿ ಒತ್ತಿ ಕಳಿಸಿ, ಇಲ್ಲಾಂದ್ರೆ ಉದ್ದದ ಕಡೆ 2048 ಪಿಕ್ಸೆಲ್‌ಗೆ ನೀವೇ ಚಿಕ್ಕದು ಮಾಡಿ ಜೆಪೆಗ್ ಆಗಿ ಡಾಕ್ಯುಮೆಂಟಲ್ಲಿ ಕಳಿಸಿ. ಇನ್‌ಸ್ಟಾಗ್ರಾಮಿಗೆ ಉದ್ದುದ್ದ ಫೋಟೋ 1080ಕ್ಕೆ 1350 ಇಟ್ರೆ ಸರಿ ಕೂರುತ್ತೆ, ಕೊಕ್ಕರೆ ಕಾಲು ಕಟ್ ಆಗದಂಗೆ ಮೊದಲೇ ಕ್ರಾಪ್ ಮಾಡ್ಕೊಳ್ಳಿ. ವಾಟರ್‌ಮಾರ್ಕ್ ಹಾಕೋದಾದ್ರೆ ಮೂಲೇಲಿ ಸಣ್ಣಗೆ. ಹಕ್ಕಿ ಹೊಟ್ಟೆ ಮೇಲೆ ಹೆಸರು, ಫೋನ್ ನಂಬರ್, ಕ್ಯಾಮೆರಾ ಲೋಗೋ ಎಲ್ಲ ಬರ್ದಿರೋರು ಇದಾರೆ, ಮದುವೆ ಕಾರ್ಡ್ ನೋಡ್ದಂಗೆ ಆಗುತ್ತೆ. ಕಳ್ಳತನ ಅದ್ರಿಂದ ನಿಲ್ಲಲ್ಲ, ನನ್ನದೇ ಒಂದು ಪಿಕಳಾರ "ಶುಭೋದಯ" ಅಂತ ಬರಸ್ಕೊಂಡು ನಮ್ಮತ್ತೆ ಫೋನಿಂದ ನನಗೇ ವಾಪಸ್ ಬಂದಿದೆ.

ಆರನೇದು: ಎರಡು ಸಾಲು ಬರೀರಿ

ಶಟರ್ ಸ್ಪೀಡು, ಐಎಸ್‌ಒ ಬರೀಬೇಡಿ ಅಂತಲ್ಲ, ಕಲಿಯೋರಿಗೆ ಉಪಯೋಗ ಆಗುತ್ತೆ, ಹಾರೋ ಹಕ್ಕಿಗೆ 1/2000 ಇಟ್ಟಿದ್ದೆ ಅಂದ್ರೆ ಯಾರೋ ನಾಳೆ ಹಂಗೇ ಇಟ್ಟು ನೋಡ್ತಾರೆ. ಆದ್ರೆ ಅದು ಕೊನೇಲಿ ಬರ್ಲಿ. ಮೊದಲು ಬೇಕಾಗಿರೋದು ಹಕ್ಕಿ ಏನ್ ಮಾಡ್ತಿತ್ತು ಅನ್ನೋದು.

ನನ್ನ ಹಿತ್ತಲಿನ ದಾಸವಾಳದ್ದೇ ಹೇಳ್ತೀನಿ. ಸೂರಕ್ಕಿ ಹೂವಿನ ಮೇಲೆ ಕೂತಿರೋ ಫೋಟೋ ನನ್ ಹತ್ರ ರಾಶಿ ಇತ್ತು, ಎಲ್ಲದಕ್ಕೂ "ಬ್ಯೂಟಿ ಆಫ್ ನೇಚರ್" ಅಂತ ಬರ್ದು ಹಾಕ್ತಿದ್ದೆ. ಒಂದಿನ ದೊಡ್ಡದು ಮಾಡಿ ನೋಡಿದ್ರೆ ಕೊಕ್ಕು ಹೂವಿನ ಬಾಯೊಳಗೆ ಇಲ್ವೇ ಇಲ್ಲ, ಹಿಂದ್ಗಡೆ ಹಸಿರು ತೊಟ್ಟಿನ ಹತ್ರ ಚುಚ್ಚಿದೆ. ಗಿಡದ ಹತ್ರ ಹೋಗಿ ಹೂವು ಕಿತ್ತು ನೋಡ್ದೆ, ಬುಡದಲ್ಲಿ ಸೂಜಿ ಚುಚ್ಚಿದಂಗೆ ತೂತು, ಒಂದ್ರಲ್ಲಲ್ಲ, ಆರೇಳು ಹೂವಲ್ಲಿ. ಮುಂದ್ಗಡೆಯಿಂದ ಹೋದ್ರೆ ತಲೆಗೆ ಪರಾಗ ಅಂಟಿ ಹೂವಿಗೂ ಏನೋ ಲಾಭ ಆಗ್ತಿತ್ತು, ಇದು ಕನ್ನ ಹಾಕಿ ಜೇನು ಕುಡ್ಕೊಂಡು ಹೋಗ್ತಿದೆ. ಆ ಫೋಟೋಗೆ "ಮುಂಬಾಗಿಲು ತೆಗೆದೇ ಇತ್ತು, ಈಕೆ ಹಿತ್ತಲಲ್ಲಿ ಕನ್ನ ಹಾಕಿದ್ಲು. ತೊಟ್ಟಿನ ಹತ್ರ ಕೊಕ್ಕು ನೋಡಿ" ಅಂತ ಬರ್ದೆ. ಅವತ್ತು ಸೂಪರ್ ಸರ್ ಕಮ್ಮಿ ಬಂತು, ಅದರ ಬದ್ಲು ನಾಲ್ಕು ಜನ ತಮ್ಮ ಮನೆ ದಾಸವಾಳದ ತೊಟ್ಟಿನ ಫೋಟೋ ತೆಗ್ದು ಕಳಿಸಿದ್ರು.

ದಿನಾಂಕ ಹಾಕೋದು ಮರೀಬೇಡಿ. ಕೊಳದ ಬಕ ಬೇರೆ ಕಾಲದಲ್ಲಿ ಕೆಸರು ಬಣ್ಣ, ಮರಿ ಮಾಡೋ ಕಾಲಕ್ಕೆ ಬೆನ್ನು ಕುಂಕುಮಗಪ್ಪು ಆಗುತ್ತೆ. ಗೀಜಗದ ಗಂಡು ಮಳೆಗಾಲದಲ್ಲಿ ಹಳದಿ ಟೋಪಿ ಹಾಕ್ಕೊಂಡಿರುತ್ತೆ, ಆಮೇಲೆ ಗುಬ್ಬಿ ಥರ. ತಿಂಗಳು ಗೊತ್ತಾದ್ರೆ ನೋಡೋರಿಗೆ ಅರ್ಧ ಕತೆ ತಾನೇ ಹೊಳೆಯುತ್ತೆ.

ಏಳನೇದು: ಲೆಕ್ಕಕ್ಕೆ ಸೇರೋ ಕಡೆನೂ ಹಾಕಿ

ಗ್ರೂಪಲ್ಲಿ ಹಾಕಿದ ಫೋಟೋ ಸಂಜೆಗೆ ಮೇಲೆ ಹೋಗಿರುತ್ತೆ, ಮುಂದಿನ ವರ್ಷ ಯಾರೂ ಹುಡುಕಲ್ಲ. ಹಕ್ಕಿ ಲೆಕ್ಕ ಇಡೋ ಜಾಲತಾಣ ಇಬರ್ಡ್‌ನಲ್ಲಿ ಎಷ್ಟು ಹೊತ್ತು ನೋಡಿದ್ರಿ, ಎಷ್ಟು ದೂರ ನಡೆದ್ರಿ, ಯಾವ್ಯಾವ ಹಕ್ಕಿ ಎಷ್ಟೆಷ್ಟು ಅಂತ ಪಟ್ಟಿ ಹಾಕಿ ಅದಕ್ಕೆ ಫೋಟೋ ಸೇರಿಸಿದ್ರೆ ಅದು ಕಾರ್ನೆಲ್‌ನ ಮೆಕಾಲೆ ಲೈಬ್ರರಿಲಿ ಉಳಿಯುತ್ತೆ. ಆಗ್ಲೇ ಹೇಳಿದ್ನಲ್ಲ ಚುಕ್ಕಿ ಗಾತ್ರದ ಬಾತು, ಅದರ ಜಾಗ ಇದೇ. ಇಲ್ಲಿ ವಾಟರ್‌ಮಾರ್ಕ್ ಇಲ್ಲದ ಫೋಟೋನೇ ಹಾಕಿ. ಚಿಟ್ಟೆ, ಹಾವು, ಮುಂಗುಸಿ ಎಲ್ಲ ಆದ್ರೆ ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್, ಅದ್ರಲ್ಲಿ ಲೊಕೇಶನ್ ಅಬ್‌ಸ್ಕ್ಯೂರ್ಡ್ ಅಂತ ಇಟ್ರೆ ನಕ್ಷೆಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತೆ. ನನಗೆ ಕ್ವಾರಿ ಕಾಲದಲ್ಲಿ ಇದು ಗೊತ್ತಿರಬೇಕಿತ್ತು. ಪ್ರತಿ ಫೆಬ್ರವರಿಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ, ಶುರು ಮಾಡೋಕೆ ಅದು ಒಳ್ಳೆ ನೆಪ, ಹದಿನೈದು ನಿಮಿಷ ಟೆರೇಸಲ್ಲಿ ನಿಂತು ಎಣಿಸಿದ್ರೂ ಲೆಕ್ಕಕ್ಕೆ ಬರುತ್ತೆ.

ಎಂಟನೇದು: ಬೇರೆಯವರ ಫೋಟೋಗೆ ಏನು ಹೇಳೋದು

ಸೂಪರ್ ಸರ್ ಅನ್ನೋದು ತಪ್ಪೇನಲ್ಲ, ದಾರೀಲಿ ಸಿಕ್ಕೋರಿಗೆ "ಊಟ ಆಯ್ತಾ" ಅಂದಂಗೆ ಅದು. ಆದ್ರೆ ಒಬ್ಬ ಹುಡುಗ ಮೂರು ತಾಸು ಬಿಸಿಲಲ್ಲಿ ಕೂತು ತೆಗೆದಿದ್ದಕ್ಕೆ ಊಟ ಆಯ್ತಾ ಅಂದ್ರೆ ಸಾಕಾ?

ನಾನು ಮಾಡೋದು ಇಷ್ಟು. ಅವರ ಫೋಟೋ ತೆರೆದು ಹತ್ತು ಸೆಕೆಂಡ್ ಸುಮ್ನೆ ನೋಡ್ತೀನಿ, ಕಣ್ಣು ಮೊದಲು ಎಲ್ಲಿಗೆ ಹೋಯ್ತು ಅಂತ ಗಮನಿಸ್ತೀನಿ, ಅದನ್ನೇ ಬರೀತೀನಿ. ಆಮೇಲೆ ಒಂದೇ ಒಂದು ಸಲಹೆ, ಅದೂ ಅವರು ನಾಳೆ ಮಾಡ್ಬಹುದಾದ್ದು. ಮೊನ್ನೆ ಕಾಲೇಜ್ ಹುಡುಗಿ ಒಬ್ಳು ಹಸು ಬೆನ್ನ ಮೇಲೆ ಕೂತಿರೋ ಕಾಜಾಣ ಹಾಕಿದ್ಲು. ನಾನು ಬರ್ದಿದ್ದು ಹೀಗೆ: "ಹಸು ಕಾಲೆತ್ತಿದೆ, ಮಿಡತೆ ಏಳುತ್ತೆ ಅಂತ ಕಾಜಾಣ ಆಗ್ಲೇ ಕೆಳಗೆ ಬಗ್ಗಿ ನೋಡ್ತಿದೆ, ಆ ಕ್ಷಣ ಚೆನ್ನಾಗಿ ಸಿಕ್ಕಿದೆ ನಿಮಗೆ. ಬಾಲದ ಕವಲು ಅಂಚಲ್ಲಿ ಹೋಗಿದೆ, ಕ್ರಾಪ್ ಮಾಡಿದ್ದಾ ಅಥವಾ ತೆಗೆದಾಗಲೇ ಹಂಗಾ? ಮೂಲದಲ್ಲಿ ಬಾಲ ಇದ್ರೆ ಅದನ್ನೇ ಹಾಕಿಮ್ಮಾ." ಇತ್ತಂತೆ, ಹಕ್ಕಿ ದೊಡ್ಡದಾಗಿ ಕಾಣ್ಲಿ ಅಂತ ಕತ್ತರಿಸಿದ್ಲಂತೆ, ಸಂಜೆ ಪೂರ್ತಿದು ಹಾಕಿದ್ಲು. ಎರಡು ಕವಲಿನ ಬಾಲ ಹಸು ಬೆನ್ನಿಂದ ಕೆಳಗೆ ಇಳಿಬಿದ್ದಿತ್ತು, ಹಿಂದೆ ಹಸು ಮೇಯಿಸೋ ಅಜ್ಜಿಯ ಸೆರಗೂ ಕಾಣ್ತಿತ್ತು, ಫೋಟೋನೇ ಬೇರೆ ಆಯ್ತು.

ಬೆಳ್ಳಕ್ಕಿ ಬರೀ ಬಿಳಿ ಕಾಗದದ ಥರ ಬಂದಿದ್ರೆ "ಓವರ್ ಎಕ್ಸ್‌ಪೋಸ್" ಅಂತ ಒಂದೇ ಪದ ಎಸೀಬೇಡಿ. ಹಿಂದೆ ಕಪ್ಪು ನೀರಿದ್ದಾಗ ಕ್ಯಾಮೆರಾ ಮೋಸ ಹೋಗಿ ಬೆಳಕು ಜಾಸ್ತಿ ಮಾಡುತ್ತೆ, ಮುಂದಿನ ಸಲ ಕಾಂಪೆನ್ಸೇಶನ್ ಮೈನಸ್ 0.7 ಇಟ್ಟು ನೋಡಿ ಅನ್ನಿ. ಅದು ಉಪಯೋಗಕ್ಕೆ ಬರೋ ಮಾತು. ಹೆಸರು ತಪ್ಪಿದ್ರೆ ಎಲ್ಲರ ಮುಂದೆ ನಗಾಡ್ದೆ ಯಾವ ಗುರುತಿಂದ ನಿಮಗೆ ಬೇರೆ ಅನ್ನಿಸ್ತು ಅಂತ ಹೇಳಿ. ಯಾವ ಕ್ಯಾಮೆರಾ ಸರ್ ಅನ್ನೋ ಪ್ರಶ್ನೆ ಮೊದಲ್ನೇದಾಗಿ ಬೇಡ, ಅಡುಗೆ ತಿಂದು ಯಾವ ಕುಕ್ಕರ್ ಅಂತ ಕೇಳ್ದಂಗೆ.

ಹೊಗಳಬಾರದ ಫೋಟೋನೂ ಇದಾವೆ. ಬಂಡೀಪುರದ ಹೈವೇಲಿ ಗಾಡಿ ನಿಲ್ಲಿಸಿ, ಇಳಿದು ತೆಗೆದ ಆನೆ ಫೋಟೋಗೆ ಲೈಕ್ ಒತ್ತಿದ್ರೆ ನಾಳೆ ಇನ್ನೊಬ್ಬ ಇಳೀತಾನೆ. ಗೂಬೆ ನೇರ ಕ್ಯಾಮೆರಾ ಕಡೆಗೇ ಹಾರಿ ಬರ್ತಿದೆ, ಉಗುರು ಚಾಚಿದೆ, ಬೆಳಕೂ ಲೆಕ್ಕಾಚಾರ ಮಾಡ್ದಂಗೆ ಬಿದ್ದಿದೆ ಅಂದ್ರೆ ಕೆಳಗೆ ಇಲಿ ಕಟ್ಟಿಟ್ಟಿದ್ರಾ ಅಂತ ಒಂದು ಅನುಮಾನ ಇರ್ಲಿ. ಜಗಳಕ್ಕೆ ಹೋಗ್ಬೇಡಿ, "ಇದು ಹೇಗೆ ಸಿಕ್ತು ಸರ್" ಅಂತ ಮಾತ್ರ ಕೇಳಿ, ನೆಟ್ಟಗೆ ತೆಗೆದೋರು ಖುಷಿಯಾಗಿ ಒಂದು ಪುಟ ಬರೀತಾರೆ. ಇದೇ ಪ್ರಶ್ನೆ ಎಐ ಹಕ್ಕಿಗಳಿಗೂ ಆಗುತ್ತೆ. ಕಾಲು ನೋಡಿ ಮೊದಲು, ಮರದಲ್ಲಿ ಕೂರೋ ಸಾಮಾನ್ಯ ಹಕ್ಕಿಗಳಿಗೆ ಮುಂದೆ ಮೂರು ಬೆರಳು ಹಿಂದೆ ಒಂದು, ಕಂಪ್ಯೂಟರ್ ಹಕ್ಕಿಗೆ ಎಷ್ಟು ಬೇಕಾದ್ರೂ ಇರಬಹುದು, ಕೊಂಬೆ ಒಳಗೇ ಕರಗಿ ಹೋಗಿರಲೂಬಹುದು.

ಕೊನೇದು: ಪ್ರಿಂಟ್ ಹಾಕ್ಸಿ

ಫೋನಲ್ಲಿ ನೋಡಿದ್ದು ನೋಡಿದಂಗಲ್ಲ. 12ಕ್ಕೆ 18 ಇಂಚಿನ ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲಿ 3600ಕ್ಕೆ 5400 ಪಿಕ್ಸೆಲ್ ಬೇಕು, ತುಂಬ ಕ್ರಾಪ್ ಮಾಡಿದ್ರೆ ಅಷ್ಟು ಉಳಿದಿರಲ್ಲ, 8ಕ್ಕೆ 12 ಹಾಕ್ಸಿ. ಊರಿನ ಸ್ಕೂಲಿಗೆ ಅಲ್ಲೇ ಸುತ್ತಮುತ್ತ ಕಾಣೋ ಹತ್ತು ಹಕ್ಕಿ ಪ್ರಿಂಟ್ ಹಾಕ್ಸಿ ಕೆಳಗೆ ಕನ್ನಡದ ಹೆಸರು ಬರ್ದು ಕೊಡಿ. ಯಾರ ಹೊಲದಲ್ಲಿ, ಯಾರ ತೋಟದಲ್ಲಿ ತೆಗ್ದಿರೋ ಅವರಿಗೂ ಒಂದು ಕೊಡಿ, ಮುಂದಿನ ಸಲ ಬೇಲಿ ದಾಟೋಕೆ ಮುಂಚೆ ಅವರೇ ಕರೆದು ಎಲ್ಲಿದೆ ಅಂತ ಹೇಳ್ತಾರೆ.

ಆ ಗೂಬೆದು ಒಂದು ಪ್ರಿಂಟ್ ಹಾಕ್ಸಿ ಕ್ವಾರಿ ತಾತನಿಗೆ ತಗೊಂಡು ಹೋಗಿದ್ದೆ, ಹೋಗೋಕೆ ಧೈರ್ಯ ಬರೋಕೆ ಒಂದು ವರ್ಷ ಹಿಡೀತು. ತಾತ ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದ್ರು. "ಕಣ್ಣು ಸರಿಯಾಗಿ ಬಂದೈತೆ ಸ್ವಾಮಿ, ಹಿಂಗೇ ದುರುಗುಟ್ಕೊಂಡು ನೋಡ್ತಿತ್ತು. ಬಂಡೆ ಮಾತ್ರ ನಮ್ದಲ್ಲ. ನಮ್ ಬಂಡೆ ಎಲ್ಲಿ ಇಷ್ಟು ಕೆಂಪುಗೈತೆ?" ತಿರುಗಿ ಬಂಡೆ ನೋಡ್ದೆ, ಬೂದಿ ಬಣ್ಣ. ಸಂಜೆ ಬಿಸಿಲಿನ ಥರ ಕಾಣ್ಲಿ ಅಂತ ಎಡಿಟಲ್ಲಿ ನಾನೇ ಕೆಂಪು ಎಳೆದಿದ್ದೆ, ಅಷ್ಟು ಜನ ನೋಡಿದ್ರೂ ಒಬ್ಬರೂ ಹೇಳಿರಲಿಲ್ಲ. ಮನೆಗೆ ಬಂದು ಸ್ಲೈಡರ್ ವಾಪಸ್ ಎಳೆದು ಇನ್ನೊಂದು ಪ್ರಿಂಟ್ ಹಾಕ್ಸಿ ಕೊಟ್ಟೆ. ಮ್ಯಾಟ್ ಲ್ಯಾಮಿನೇಶನ್ ಮಾಡ್ಸಿ, ಗ್ಲಾಸಿ ಬೇಡ, ಗೋಡೆಗೆ ಹಾಕಿದ್ರೆ ಹಕ್ಕಿ ಬದ್ಲು ಟ್ಯೂಬ್‌ಲೈಟ್ ಕಾಣುತ್ತೆ.